ಕಡೂರು ಸೀಮೆಯಲ್ಲಿ ಕದ್ದು ಕೇಳಿದ ಸಂಗೀತ

ಕಳೆದ ಮಾಘಮಾಸದಲ್ಲಿ ಬಂಧುಗಳ ಮನೆಯ ಉಪನಯನವೊಂದಕ್ಕಾಗಿ ನಾನು ಕಡೂರಿಗೆ ಹೋಗಬೇಕಾಗಿ ಬಂದಿತು. ಅದು ಮುಗಿದ ಮೇಲೆ ತರೀಕೆರೆಯಲ್ಲಿ ಹಳೆಯ ಮಿತ್ರರೊಬ್ಬರನ್ನು ಕಂಡು, ಅಲ್ಲಿಂದ ಅಜ್ಜಂಪುರಕ್ಕೂ ಹೋಗಿಬರಬೇಕೆಂಬ ಸಂಕಲ್ಪವಿದ್ದಿತು. ಈ ಮೂರು ಊರುಗಳ ಸುತ್ತಿನಲ್ಲಿಯೇ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟವನು ನಾನು. ಆದಕಾರಣ ಇದನ್ನು ಪ್ರವಾಸವೆನ್ನುವುದಕ್ಕಿಂತ ಹಳೆಯ ಲೆಕ್ಕದ ಪುಸ್ತಕವನ್ನು ತಿರುವಿಹಾಕಿದ್ದು ಎಂದರೆ ಹೆಚ್ಚು ಸರಿಯಾದೀತು. ಆ ಪುಸ್ತಕದಲ್ಲಿ ತೀರದೆ ಉಳಿದ ಬಾಕಿಯೊಂದು ಅಜ್ಜಂಪುರದಲ್ಲಿದ್ದಿತು.

ಅರಸೀಕೆರೆಯಲ್ಲಿ ಹಿರಿಯರೊಬ್ಬರು ರೈಲುಗಾಡಿಯನ್ನು ಹತ್ತಿ ನನ್ನ ಎದುರಿಗೆ ಕುಳಿತರು. ಹಣೆಯಲ್ಲಿ ಗಂಧ, ಹೆಗಲ ಮೇಲೆ ಮಡಿಸಿದ ಶಾಲು, ಕೈಯಲ್ಲೊಂದು ಪಂಚಾಂಗ. ಮೊಬೈಲಿನ ತಂತಿಯ ತುದಿಗಳನ್ನು ಎರಡು ಕಿವಿಗಳಿಗೂ ಸಿಕ್ಕಿಸಿಕೊಂಡು ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿಯೇ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು; ಮುಖದಲ್ಲಿ ಒಂದು ಬಗೆಯ ಪ್ರಸನ್ನತೆ ತೋರಿತು. ತ್ಯಾಗರಾಜರ ಕೃತಿಯೋ ದಾಸರ ಪದವೋ ಆಗಿರಬೇಕೆಂದು ಊಹಿಸಿ ನಾನು ಮನಸ್ಸಿನಲ್ಲಿಯೇ ಅವರಿಗೆ ಕೈಮುಗಿದೆನು. ಕಡೂರು ಸಮೀಪಿಸುತ್ತಿರಲು ಅವರು ಚೀಲವನ್ನು ತೆಗೆದುಕೊಳ್ಳಲು ಎದ್ದರು. ತಂತಿ ಎಲ್ಲಿಗೋ ಸಿಕ್ಕಿಕೊಂಡು ಕಳಚಿಹೋಯಿತು. ಒಡನೆಯೇ ಗಾಡಿಯೆಲ್ಲ ಕೇಳುವಂತೆ, ತಮಟೆ ಡೋಲುಗಳ ಅಬ್ಬರದೊಡನೆ, ಸಿನಿಮಾದ ಕುಣಿತದ ಹಾಡೊಂದು ಮೊಳಗಿತು. ಹಿರಿಯರ ಮುಖ ಕೆಂಪಾಯಿತು. "ಮೊಮ್ಮಗ ಏನೋ ಹಾಕಿಬಿಟ್ಟಿದ್ದಾನೆ ಸ್ವಾಮಿ, ನನಗೆ ಇದನ್ನು ನಿಲ್ಲಿಸುವುದಕ್ಕೂ ಬಾರದು" ಎಂದರು. ಹಾಗೆನ್ನುತ್ತಿದ್ದಂತೆಯೇ ಅವರ ಬೆರಳು, ಕಣ್ಣಿನ ಸಹಾಯವಿಲ್ಲದೆ, ನಿಲ್ಲಿಸುವ ಗುಂಡಿಯನ್ನು ಹುಡುಕಿ ಒತ್ತಿತು.

ನಾನು ನಗಲಿಲ್ಲ. ಕಳ್ಳನ ಹೆಜ್ಜೆಯನ್ನು ಕಳ್ಳನೇ ಬಲ್ಲನಷ್ಟೆ. ನಾಲ್ಕು ಜನರ ಮುಂದೆ ಹೊಗಳುವ ಸಂಗೀತವೊಂದು, ಬಾಗಿಲು ಹಾಕಿಕೊಂಡು ಕೇಳುವ ಸಂಗೀತವೊಂದು ಎಂಬ ಭೇದವಿಲ್ಲದ ಮನೆ ನಮ್ಮಲ್ಲಿ ಎಷ್ಟಿವೆಯೋ ವಾಚಕರೇ ಹೇಳಬೇಕು.

ಕಡೂರು ಬಯಲುಸೀಮೆಯ ಊರು. ತೆಂಗಿನ ತೋಟಗಳು, ರಾಗಿಯ ಹೊಲಗಳು, ದೂರದಲ್ಲಿ ನೀಲಿಯಾಗಿ ಕಾಣುವ ಬಾಬಾಬುಡನ್ ಗಿರಿಗಳು. ೧೯೪೭ರವರೆಗೆ ಇಡೀ ಜಿಲ್ಲೆಗೇ ಈ ಊರಿನ ಹೆಸರಿದ್ದಿತು. ಕಚೇರಿಗಳು ಮಾತ್ರ ಚಿಕ್ಕಮಗಳೂರಿನಲ್ಲಿದ್ದುವು. ಆದರೆ ಕನ್ನಡಿಗರಿಗೆ ಈ ತಾಲ್ಲೂಕು ಮುಖ್ಯವಾಗಿರುವುದು ಕಚೇರಿಗಳಿಂದಲ್ಲ, ದೇವನೂರಿನಿಂದ. ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶ ಕವಿಯ ಊರು ಅದೇ. ವಾರ್ಧಕ ಷಟ್ಪದಿಯನ್ನು ರಾಗವಾಗಿ ಓದುವ ಗಮಕಿಯೊಬ್ಬನಿದ್ದರೆ ಸಾಕು, ಹಿಂದಿನ ಕಾಲದಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ಬೇರೆ ಮನರಂಜನೆ ಬೇಕಾಗಿರಲಿಲ್ಲ. ನನ್ನ ತೀರ್ಥರೂಪರೂ ಅಂಥ ಗಮಕಿಗಳಲ್ಲೊಬ್ಬರು. ಅವರ ಅಭಿಪ್ರಾಯದಲ್ಲಿ ಕೇಳತಕ್ಕ ಧ್ವನಿಗಳು ಮೂರೇ: ವೇದಘೋಷ, ಗಮಕ, ಹರಿಕಥೆ. ಸಿನಿಮಾ ಹಾಡಿಗೆ ಅವರು ಇಟ್ಟಿದ್ದ ಹೆಸರು ಗಾರ್ದಭಗಾನವೆಂಬುದು. ನಮ್ಮ ಸೋದರತ್ತೆಯವರ ಮಗನೊಬ್ಬನು ಹಬ್ಬದ ದಿನ ಜಗಲಿಯ ಮೇಲೆ ಕುಳಿತು ಅಂಥದೊಂದನ್ನು ಗುನುಗಿದುದಕ್ಕೆ ಎಲೆಯ ಮುಂದಿನಿಂದ ಎಬ್ಬಿಸಿದ ಪುಣ್ಯಾತ್ಮರು ಅವರು.

ಹೀಗಿರಲಾಗಿ ೧೯೭೪ರಲ್ಲಿ ನಮ್ಮ ಮನೆಗೆ ರೇಡಿಯೋ ಬಂದಿತು. ಭದ್ರಾವತಿಯ ಆಕಾಶವಾಣಿ ಕೇಂದ್ರ ೧೯೬೫ರಲ್ಲಿಯೇ ಆರಂಭವಾಗಿದ್ದರೂ ಅಲ್ಲಿಯವರೆಗೆ ನಮಗೆ ಅದರ ಭಾಗ್ಯವಿರಲಿಲ್ಲ. ಆ ವರ್ಷದ ಜೂನ್ ೩೦ರಿಂದ ಆಕಾಶವಾಣಿಯವರು ಸಂಸ್ಕೃತದಲ್ಲಿ ವಾರ್ತೆಗಳನ್ನು ಪ್ರಸಾರಮಾಡಲು ತೊಡಗಿದರು. ಗೀರ್ವಾಣಭಾಷೆ ಆಕಾಶದಿಂದಲೇ ಇಳಿದುಬರುತ್ತಿರುವಾಗ ಕೇಳದಿರುವುದು ಅಪಚಾರವೆಂದು ನಿಶ್ಚಯಿಸಿ ತಂದೆಯವರು ಪೇಟೆಗೆ ಹೋಗಿ ಟ್ರಾನ್ಸಿಸ್ಟರೊಂದನ್ನು ಕೊಂಡು, ಅಂಚೆಕಚೇರಿಯಲ್ಲಿ ಲೈಸೆನ್ಸನ್ನೂ ಮಾಡಿಸಿಕೊಂಡು ಬಂದರು. ಪ್ರಾತಃಕಾಲ ಸಂಸ್ಕೃತವಾರ್ತೆ ನಮ್ಮ ಬೀದಿಯ ಎರಡು ತುದಿಗಳಿಗೂ ಕೇಳಿಸುತ್ತಿದ್ದಿತು. ಅರ್ಥವಾಗದವರೂ ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದರು.

ಅದೇ ವರ್ಷ 'ಸಂಪತ್ತಿಗೆ ಸವಾಲ್' ಎಂಬ ಚಿತ್ರವೂ ಬಂದಿತು. ರಾಜಕುಮಾರರಿಗೆ ಅದುವರೆಗೆ ಬಹುಮಟ್ಟಿಗೆ ಕಂಠದಾನ ಮಾಡುತ್ತಿದ್ದವರು ಪಿ. ಬಿ. ಶ್ರೀನಿವಾಸರು. ಈ ಚಿತ್ರದಲ್ಲಿ ನಾಯಕನು ಎಮ್ಮೆಯ ಮೇಲೆ ಕುಳಿತು ಬರುವಾಗ ಹಾಡುವ ಹಾಡನ್ನು ರಾಜಕುಮಾರರೇ ಹಾಡಿದರು. ಚಿ. ಉದಯಶಂಕರರ ಸಾಹಿತ್ಯ, ಜಿ. ಕೆ. ವೆಂಕಟೇಶರ ಸಂಗೀತ. ಅಲ್ಲಿಂದ ಮುಂದೆ ಅವರು ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ಹಾಡಿನಲ್ಲಿ ಇರುವುದಾದರೂ ಏನು? ಎಮ್ಮೆಯ ಗುಣಗಾನ. ಕಾಳಿದಾಸನನ್ನು ಓದಿದವರು ತಲೆತಗ್ಗಿಸಬೇಕಾದ ವಸ್ತು. ಆದರೆ ಆ ಲಯವೊಂದಿದೆಯಲ್ಲ, ಅದು ಕಾಳಿದಾಸನನ್ನು ಓದಿದವನ ಕಾಲನ್ನೂ ಓದದವನ ಕಾಲನ್ನೂ ಒಂದೇ ರೀತಿಯಲ್ಲಿ ಅಲ್ಲಾಡಿಸುತ್ತದೆ.

ನನಗೆ ಆಗ ಹತ್ತು ವರ್ಷ. ಒಂದು ರಾತ್ರಿ ಎಚ್ಚರವಾಯಿತು. ನಡುಮನೆಯಲ್ಲಿ ದೀಪವಿಲ್ಲ. ತಂದೆಯವರು ಗೋಡೆಗೆ ಒರಗಿ ಕುಳಿತಿದ್ದರು. ರೇಡಿಯೋವಿನ ಮೇಲೆ ಅವರ ಅಂಗವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿದ್ದಿತು. ಅದರೊಳಗಿನಿಂದ, ಬಾವಿಯ ತಳದಿಂದ ಬಂದ ಹಾಗೆ, ಎಮ್ಮೆಯ ಹಾಡು ಕೇಳಿಬರುತ್ತಿದ್ದಿತು. ಅವರ ಹೆಬ್ಬೆರಳು ಹೊಸಲಿನ ಮೇಲೆ ಮೆಲ್ಲಮೆಲ್ಲನೆ ಬಡಿಯುತ್ತಿದ್ದಿತು. ಅಡಿಗೆಮನೆಯ ಬಾಗಿಲಲ್ಲಿ ನಮ್ಮ ತಾಯಿಯವರು ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಹಾಡು ಮುಗಿದ ಮೇಲೆ ಅವರು ಒಮ್ಮೆ ಕೆಮ್ಮಿದರು. ತಂದೆಯವರು ಒಡನೆಯೇ ಮುಳ್ಳನ್ನು ತಿರುಗಿಸಿ, "ವಾರ್ತೆ ಇನ್ನೂ ಬಂದಿಲ್ಲ ನೋಡು" ಎಂದರು. ಮರುದಿನ ಬೆಳಿಗ್ಗೆ ಸಂಸ್ಕೃತವಾರ್ತೆ ಎಂದಿಗಿಂತ ಗಟ್ಟಿಯಾಗಿ ಮೊಳಗಿತು. ಈ ಸಂಗತಿಯನ್ನು ನಾನು ಅವರಿರುವವರೆಗೆ ಯಾರೊಡನೆಯೂ ಆಡಲಿಲ್ಲ.

ತಂದೆಯವರನ್ನು ಮಾತ್ರ ದೂರಿ ಫಲವೇನು? ಸರ್ಕಾರವೇ ಒಂದು ಕಾಲದಲ್ಲಿ ಅಂಗವಸ್ತ್ರ ಹೊದಿಸಲು ಯತ್ನಿಸಿತು. ಮನೆಮನೆಯ ಭಜನೆಯಲ್ಲಿ ಶ್ರುತಿ ಹಿಡಿಯುತ್ತಿದ್ದ ಹಾರ್ಮೋನಿಯಮ್ಮನ್ನು, ಅದು ಪರದೇಶದ್ದು, ಅದರಲ್ಲಿ ಗಮಕಗಳು ನುಡಿಯವು ಎಂಬ ಕಾರಣದಿಂದ, ೧೯೪೦ರಲ್ಲಿ ಆಕಾಶವಾಣಿಯಿಂದ ಬಹಿಷ್ಕರಿಸಿದರು. ಮೂವತ್ತು ವರ್ಷಗಳಾದ ಮೇಲೆ ಅದಕ್ಕೆ ಮತ್ತೆ ಪ್ರವೇಶ ದೊರೆಯಿತು. ೧೯೫೨ರಲ್ಲಿ ಬಿ. ವಿ. ಕೇಸ್ಕರರು ವಾರ್ತಾ ಮತ್ತು ಪ್ರಸಾರ ಸಚಿವರಾದಾಗ ಸಿನಿಮಾ ಹಾಡುಗಳಿಗೂ ಇದೇ ಗತಿಯಾಯಿತು. ಫಲವೇನೆಂದರೆ, ದೇಶದ ಜನರೆಲ್ಲ ರೇಡಿಯೋವಿನ ಮುಳ್ಳನ್ನು ಸಿಂಹಳದ ಕಡೆಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಆರಂಭವಾಯಿತು. ಹಿಂದಿಯ ಗಂಧವಿಲ್ಲದ ನಮ್ಮ ಹಳ್ಳಿಗಳಲ್ಲಿಯೂ ಅದರ ಹೆಸರು ತಿಳಿದಿದ್ದಿತು. ಕೊನೆಗೆ ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿಯನ್ನು ತೆರೆದು, ಸರ್ಕಾರವೂ ನಮ್ಮ ತಂದೆಯವರ ಹಾಗೆ ರಾಜಿ ಮಾಡಿಕೊಂಡಿತು.

ಕಡೂರಿನಿಂದ ಮುಂದಿನ ನಿಲ್ದಾಣ ಬೀರೂರು. ಅಲ್ಲಿ ಕಂಬಿ ಎರಡಾಗಿ ಕವಲೊಡೆಯುತ್ತದೆ: ಒಂದು ತರೀಕೆರೆ, ಭದ್ರಾವತಿ, ಶಿವಮೊಗ್ಗಗಳ ಕಡೆಗೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ. ಅಜ್ಜಂಪುರದ ಕೆಲಸವನ್ನು ಮೊದಲು ಮುಗಿಸುವುದಾಗಿದ್ದರೆ ಅಲ್ಲಿಯೇ ಇಳಿಯಬಹುದಾಗಿತ್ತು. ಧೈರ್ಯ ಸಾಲದೆ ತರೀಕೆರೆಯ ದಾರಿಯನ್ನೇ ಹಿಡಿದೆನು.

ಬಯಲು ಮುಗಿದು ಮಲೆನಾಡು ತೊಡಗುವ ಹೊಸಲಿನಂತಿದೆ ತರೀಕೆರೆ. ಕಡೂರಿನಲ್ಲಿ ಒಣಗಿದ್ದ ಗಾಳಿಗೆ ಇಲ್ಲಿ ಅಡಕೆಯ ತೋಟಗಳ ತಂಪು ಸೇರುತ್ತದೆ. ನನ್ನ ಮಿತ್ರರು ಹಿಂದೆ ಚರಿತ್ರೆಯ ಉಪಾಧ್ಯಾಯರಾಗಿದ್ದವರು. ಶಾಸ್ತ್ರೀಯ ಸಂಗೀತದಲ್ಲಿ ಬಹಳ ಪರಿಶ್ರಮವುಳ್ಳವರು. ಅವರ ಮನೆಯ ಅಟ್ಟದ ಮೇಲೆ, ವಿದ್ವಾಂಸರ ಕಚೇರಿಗಳ ಕ್ಯಾಸೆಟ್ಟುಗಳ ಹಿಂದಿನ ಸಾಲಿನಲ್ಲಿ, ನಾಟಕದ ಹಾಡುಗಳ ಕ್ಯಾಸೆಟ್ಟುಗಳು ನನಗೆ ಸಿಕ್ಕಿದುವು. ಅವರು ಏನೂ ನಾಚಿಕೊಳ್ಳದೆ, "ನಮ್ಮ ತಾತನವರ ಕಾಲದಿಂದ ಬಂದ ದೋಷ ಪಂಡಿತರೇ" ಎಂದರು. ಅವರ ತಾತನವರು ಅರ್ಚಕರಂತೆ. ಊರಿಗೆ ನಾಟಕದ ಕಂಪನಿ ಬಂದು ಡೇರೆ ಹಾಕಿದಾಗ ಮಂಗಳಾರತಿಯನ್ನು ಬೇಗನೆ ಮುಗಿಸಿ, ಕಂಬಳಿ ಹೊದ್ದು, ರೈತರ ನಡುವೆ ನೆಲದ ತರಗತಿಯಲ್ಲಿ ಕುಳಿತುಬಿಡುತ್ತಿದ್ದರಂತೆ. ಒಂದು ರಾತ್ರಿ ಹಾಡೊಂದಕ್ಕೆ ಎಲ್ಲರಿಗಿಂತ ಮೊದಲು "ಒನ್ಸ್ ಮೋರ್" ಎಂದು ಕೂಗಿ, ಆ ಧ್ವನಿಯಿಂದಲೇ ಸಿಕ್ಕಿಬಿದ್ದರಂತೆ!

೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯೇ ಮೊದಲಾದ ನಮ್ಮ ವೃತ್ತಿ ನಾಟಕ ಮಂಡಲಿಗಳ ಸಂಗೀತ ಹೇಗಿದ್ದಿತೆಂಬುದನ್ನು ನೆನೆದರೆ ಈ ಅರ್ಚಕರನ್ನು ಕ್ಷಮಿಸಬೇಕೆನಿಸುತ್ತದೆ. ಕರ್ಣಾಟಕ ಸಂಗೀತದ ರಾಗ, ಪಾರ್ಸಿ ಕಂಪನಿಗಳ ಧಾಟಿ, ಮರಾಠಿ ನಾಟಕದ ಮಟ್ಟು, ಎಲ್ಲವನ್ನೂ ಕಾಲಿನಿಂದ ಒತ್ತುವ ಹಾರ್ಮೋನಿಯಮ್ಮಿನ ಮೇಲೆ ಸಂಕೋಚವಿಲ್ಲದೆ ಬೆರೆಸುತ್ತಿದ್ದರು. ರಾಜನು ಹಾಡುತ್ತಲೇ ಯುದ್ಧಕ್ಕೆ ಹೊರಡುವನು, ಹಾಡುತ್ತಲೇ ಸಾಯುವನು, ಜನರು ಕೂಗಿದರೆ ಎದ್ದು ಕುಳಿತು ಮತ್ತೊಮ್ಮೆ ಹಾಡಿ ಸಾಯುವನು. ಔಚಿತ್ಯವಿಚಾರ ಮಾಡುವವರು ಡೇರೆಯ ಹೊರಗಿರಬೇಕು. ಆದರೆ ಎ. ವಿ. ವರದಾಚಾರ್ಯರಂಥ ನಟರು ಆ ವೇದಿಕೆಯ ಮೇಲೆಯೇ ಹಾಡಿ ಪಂಡಿತರನ್ನೂ ಪಾಮರರನ್ನೂ ಒಲಿಸಿಕೊಂಡರೆಂಬುದನ್ನು ಮರೆಯಬಾರದು.

ಮಾರನೆಯ ದಿನ ಮಿತ್ರರು ನನ್ನನ್ನು ಅಮೃತಾಪುರಕ್ಕೆ ಕರೆದೊಯ್ದರು. ತರೀಕೆರೆಯಿಂದ ಸುಮಾರು ೧೦ ಕಿಲೋಮೀಟರು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ೧೧೯೬ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ದೇವಾಲಯವದು. ಅಲ್ಲಿಯ ಶಾಸನವನ್ನು ರಚಿಸಿದವನು ಜನ್ನ ಕವಿ. ರಂಗಮಂಟಪದ ನುಣುಪಾದ ಕಂಬಗಳ ಮೇಲೆ ಬೆಳಗಿನ ಬೆಳಕು ಬಿದ್ದಿದ್ದಿತು. ನಮ್ಮಿಬ್ಬರ ಹೊರತು ಅಲ್ಲಿ ಬೇರೆ ಯಾರೂ ಇರಲಿಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಅಂಗಭೋಗ, ರಂಗಭೋಗ ಎಂಬ ಮಾತುಗಳು ಮತ್ತೆ ಮತ್ತೆ ಬರುವುದನ್ನು ವಾಚಕರು ಬಲ್ಲರು. ದೇವರಿಗೆ ಗಂಧಪುಷ್ಪಗಳೆಷ್ಟು ಅವಶ್ಯವೋ ಹಾಡು ಕುಣಿತಗಳೂ ಅಷ್ಟೇ ಅವಶ್ಯವೆಂದು ಆ ಕಾಲದವರು ಭೂಮಿಯನ್ನು ದತ್ತಿ ಬಿಡುತ್ತಿದ್ದರು.

ಆ ಮಂಟಪದಲ್ಲಿ ಕುಳಿತು ನಮ್ಮೊಳಗೆ ಸಣ್ಣದೊಂದು ವಾದ ನಡೆಯಿತು. ನಾನು ಮನುವನ್ನು ಹಿಡಿದೆನು. ಬ್ರಹ್ಮಚಾರಿಯು ನೃತ್ಯ ಗೀತ ವಾದ್ಯಗಳನ್ನು ವರ್ಜಿಸಬೇಕೆಂದು ಅವನ ಎರಡನೆಯ ಅಧ್ಯಾಯದಲ್ಲಿದೆ. ಮಿತ್ರರು ಯಾಜ್ಞವಲ್ಕ್ಯನನ್ನು ತಂದರು. ವೀಣೆ, ಶ್ರುತಿ, ತಾಳಗಳನ್ನು ಬಲ್ಲವನು ಪ್ರಯಾಸವಿಲ್ಲದೆ ಮೋಕ್ಷದ ಮಾರ್ಗವನ್ನು ಸೇರುತ್ತಾನೆಂದು ಅವನ ಮತ. "ಅದು ಶುದ್ಧ ಸಂಗೀತದ ಮಾತು, ಎಮ್ಮೆಯ ಹಾಡಿನದಲ್ಲ" ಎಂದೆನು. ಅದಕ್ಕೆ ಅವರು, "ನಿಮ್ಮ ಶಾರ್ಙ್ಗದೇವನು ಏನು ಹೇಳಿದ್ದಾನೆ ಪಂಡಿತರೇ?" ಎಂದು ಕೇಳಿದರು. ನಾನು ಸುಮ್ಮನಾಗಬೇಕಾಯಿತು. ಈ ದೇವಾಲಯ ನಿಂತ ಕೆಲವೇ ದಶಕಗಳಲ್ಲಿ, ಹೊಯ್ಸಳರ ಪ್ರತಿಸ್ಪರ್ಧಿಗಳಾದ ಸೇವುಣರ ದೇವಗಿರಿಯಲ್ಲಿ ಕುಳಿತು ಸಂಗೀತರತ್ನಾಕರವನ್ನು ಬರೆದವನು ಅವನು. ಬ್ರಹ್ಮಾದಿಗಳು ಅರಸಿ ಕಂಡುದು, ಭರತಾದಿಗಳು ಪ್ರಯೋಗಿಸಿದುದು ಮಾರ್ಗ. ಆಯಾ ದೇಶದ ಜನರ ಹೃದಯವನ್ನು ರಂಜಿಸುವುದು ದೇಶಿ. ಇವೆರಡೂ ಸಂಗೀತವೆಂದೇ ಅವನು ಲಕ್ಷಣ ಹೇಳಿದ್ದಾನಲ್ಲದೆ, ಎರಡನೆಯದನ್ನು ಕತ್ತಲಲ್ಲಿ ಕೇಳಬೇಕೆಂದು ವಿಧಿಸಿಲ್ಲ.

"ಮುತ್ತುಸ್ವಾಮಿ ದೀಕ್ಷಿತರನ್ನು ನೆನೆಯಿರಿ" ಎಂದು ಮಿತ್ರರು ಮುಂದುವರಿದರು. ದೀಕ್ಷಿತರು (೧೭೭೫–೧೮೩೫) ಮದರಾಸಿನ ಸಮೀಪ ಮಣಲಿಯಲ್ಲಿದ್ದಾಗ ಕುಂಪಣಿಯವರ ಬ್ಯಾಂಡಿನ ಮಟ್ಟುಗಳನ್ನು ಕೇಳಿದರು. ಕೇಳಿ ಕಿವಿ ತೊಳೆದುಕೊಳ್ಳಲಿಲ್ಲ. ಅವುಗಳಿಗೆ ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ಹೊಂದಿಸಿದರು. ನೊಟ್ಟುಸ್ವರಗಳೆಂದು ಇಂದು ನಾವು ಮಕ್ಕಳಿಗೆ ಕಲಿಸುವುವು ಅವೇ. ಆಂಗ್ಲರ ರಾಜಗೀತದ ಮಟ್ಟೂ ಅವುಗಳಲ್ಲೊಂದು. "ದೀಕ್ಷಿತರು ಅಂಗವಸ್ತ್ರ ಹೊದಿಸದೆ ಕೇಳಿದರು. ಅವರಿಗೂ ನಿಮಗೂ ಇರುವ ವ್ಯತ್ಯಾಸ ಅಷ್ಟೇ" ಎಂದು ಮಿತ್ರರು ನಕ್ಕರು. ಹಿಂದಿನ ರಾತ್ರಿ ನಮ್ಮ ತಂದೆಯವರ ಕಥೆಯನ್ನು ಅವರಿಗೆ ಹೇಳಿದ್ದು ತಪ್ಪಾಯಿತೆಂದುಕೊಂಡೆನು.

ಹಾಗೆಂದು ಬಸ್ಸುಗಳಲ್ಲಿ ಕಿವಿ ಹರಿಯುವಂತೆ ಹಾಕುವ ಇಂದಿನ ಹಾಡುಗಳನ್ನೆಲ್ಲ ನಾನು ಸಮರ್ಥಿಸುತ್ತೇನೆಂದು ಯಾರೂ ಭಾವಿಸಬಾರದು. ಹತ್ತರಲ್ಲಿ ಏಳು ಕೇಳಲು ಯೋಗ್ಯವಲ್ಲ. ಉಳಿದ ಮೂರನ್ನು ಕೇಳಿ ಸುಖಪಟ್ಟು, ಹತ್ತನ್ನೂ ಬೈಯುವ ನಮ್ಮ ಅಭ್ಯಾಸದ ವಿಷಯವಾಗಿ ಮಾತ್ರ ಹೇಳುತ್ತಿದ್ದೇನೆ. ಈ ಅಭ್ಯಾಸ ಮನೆಯೊಳಗಿದ್ದರೆ ನಗೆಯ ವಸ್ತು. ಅದರ ಕೈಗೆ ಬೆತ್ತ ಬಂದರೆ ಏನಾಗುವುದೆಂಬುದನ್ನು ಅಲ್ಲಿಯೇ, ಆ ಕಂಬಗಳ ನಡುವೆ, ಮಿತ್ರರಿಗೆ ಹೇಳಿದೆನು.

೧೯೯೫ರ ಸುಮಾರು. ಎಂಟನೆಯ ತರಗತಿಯಲ್ಲಿ ರಾಮ ಶಬ್ದವನ್ನು ಒಪ್ಪಿಸಬೇಕಾಗಿದ್ದಿತು. ಒಬ್ಬ ಹುಡುಗನಿದ್ದನು, ಒಳ್ಳೆಯ ಶಾರೀರ. ಶಾಲೆಯ ಪ್ರಾರ್ಥನೆಯನ್ನು ಅವನೇ ಹಾಡುತ್ತಿದ್ದನು. ಅಂದು ಅವನು ಎದ್ದುನಿಂತು, ಏಳು ವಿಭಕ್ತಿಗಳನ್ನೂ ಎಮ್ಮೆಯ ಹಾಡಿನ ಮಟ್ಟಿನಲ್ಲಿ ಒಪ್ಪಿಸತೊಡಗಿದನು. ತುಂಟತನವಿದ್ದರೂ ಇರಬಹುದು, ತಪ್ಪು ಮಾತ್ರ ಒಂದೂ ಇರಲಿಲ್ಲ. ತರಗತಿಯಲ್ಲಿ ನಗೆ ಎದ್ದಿತು. ನಾನು ಬೆತ್ತವನ್ನು ತೆಗೆದುಕೊಂಡೆನು. ಎರಡು ಕೈಗಳಿಗೂ ಹೊಡೆದು ಹೊರಗೆ ನಿಲ್ಲಿಸಿದೆನು. ದೇವಭಾಷೆಯನ್ನು ಎಮ್ಮೆಯ ಮೇಲೆ ಕೂರಿಸಿದವನೆಂದು ಬೈದೆನು. ಅದೂ ಸಾಲದೆಂದು ಪ್ರಾರ್ಥನೆಯ ಹಾಡನ್ನೂ, ವಾರ್ಷಿಕೋತ್ಸವದ ಹಾಡನ್ನೂ ಅವನಿಗೆ ತಪ್ಪಿಸಿದೆನು.

ಹುಡುಗರು ನಕ್ಕದ್ದು ಅವನನ್ನು ನೋಡಿ ಅಲ್ಲ. ಮೇಜಿನ ಕೆಳಗೆ ನನ್ನ ಕಾಲು ತಾಳ ಹಾಕುತ್ತಿದ್ದಿತು. ಮುಂದಿನ ಸಾಲಿನವರು ಅದನ್ನು ನೋಡಿ ನಕ್ಕರು. ಅದು ನನಗೆ ಆಗಲೇ ಗೊತ್ತಾಗಿದ್ದಿತು. ಹೊಡೆದದ್ದು ಅದಕ್ಕೇ. ಪರೀಕ್ಷೆಯಲ್ಲಿ ಆ ವರ್ಷ ರಾಮ ಶಬ್ದವನ್ನು ತಪ್ಪಾಗಿ ಬರೆದ ಹುಡುಗನೇ ಇರಲಿಲ್ಲ. ಉತ್ತರಪತ್ರಿಕೆಗಳನ್ನು ತಿದ್ದುತ್ತ ನಾನೂ ಆ ಮಟ್ಟನ್ನು ಗುನುಗಿದೆನು.

ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, "ಅಜ್ಜಂಪುರದಲ್ಲಿ ದಿನಸಿ ಅಂಗಡಿ ಇಟ್ಟಿದ್ದಾನೆಂದಿರಲ್ಲ, ಅವನೇನು?" ಎಂದು ಮಾತ್ರ ಕೇಳಿದರು.

ತರೀಕೆರೆಯಿಂದ ಅಜ್ಜಂಪುರಕ್ಕೆ ಬಸ್ಸಿನಲ್ಲಿ ಹೋದೆನು. ಅಡಕೆಯ ತೋಟಗಳು ಹಿಂದಾಗಿ ಮತ್ತೆ ಬಯಲು ತೆರೆದುಕೊಂಡಿತು. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಈಚೆಗೆ ತಾನೇ ತಾಲ್ಲೂಕಿನ ಮುಖ್ಯಸ್ಥಳವಾಗಿದೆ. ಅಮೃತಮಹಲ್ ತಳಿಯ ದನಗಳ ಸಂವರ್ಧನ ಕೇಂದ್ರದಿಂದ ಊರಿಗೆ ಹೆಸರು, ಈರುಳ್ಳಿಯಿಂದಲೂ ಹೆಸರು. 'ನಾನು ಕೊಂದ ಹುಡುಗಿ' ಎಂಬ ಕಥೆಯನ್ನು ಬರೆದ 'ಆನಂದ'ರು ಅಜ್ಜಂಪುರ ಸೀತಾರಾಂ ಎಂಬ ತಮ್ಮ ಹೆಸರಿನೊಡನೆ ಈ ಊರನ್ನು ಸಾಹಿತ್ಯಕ್ಕೂ ಸೇರಿಸಿದ್ದಾರೆ. ಬಸ್ಸಿನಿಂದ ಇಳಿಯುವಾಗ ಆ ಕಥೆಯ ಹೆಸರು ಏತಕ್ಕೋ ನೆನಪಿಗೆ ಬಂದಿತು.

ಅಂಗಡಿ ಸುಲಭವಾಗಿ ಸಿಕ್ಕಿತು. ತಕ್ಕಡಿಯ ಹಿಂದೆ ಕುಳಿತಿದ್ದವನು ನನ್ನನ್ನು ಕಂಡೊಡನೆ ಎದ್ದು, "ಮೇಷ್ಟ್ರೇ!" ಎಂದು ಕಾಲಿಗೆ ಬಿದ್ದನು. ತಲೆ ನರೆತಿದ್ದಿತು, ಧ್ವನಿ ಮಾತ್ರ ಹಾಗೆಯೇ ಇದ್ದಿತು. ಕುರ್ಚಿ ಬಂದಿತು, ಕಾಫಿ ಬಂದಿತು. ಮಳೆ, ವ್ಯಾಪಾರ, ಯಾರು ಎಲ್ಲಿದ್ದಾರೆಂಬ ಮಾತುಗಳೆಲ್ಲ ಮುಗಿದ ಮೇಲೆ ನಾನು ಕೇಳಿದೆನು.

"ಈಗ ಹಾಡುತ್ತೀಯೇನಪ್ಪಾ?"

"ಇಲ್ಲ ಸಾರ್. ಅದು ಆಗಲೇ ಬಿಟ್ಟುಹೋಯಿತು."

"ನಾನು ಹೊಡೆದದ್ದು ನೆನಪಿದೆಯೇ?"

"ಅಯ್ಯೋ, ಮರೆಯುವುದುಂಟೇ ಸಾರ್? ಹೊಡೆದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಯಾವುದಾದರೂ ಆರ್ಕೆಸ್ಟ್ರಾ ಸೇರಿಕೊಂಡು ಹಾಳಾಗಿಹೋಗುತ್ತಿದ್ದೆ. ನಮ್ಮ ಅಪ್ಪನೂ ಸಾಯುವವರೆಗೆ ನಿಮ್ಮನ್ನು ನೆನೆಯುತ್ತಿದ್ದರು."

ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಬೈದಿದ್ದರೆ ಕೇಳಿಸಿಕೊಂಡು ಬರುವುದೆಂದು ಸಿದ್ಧನಾಗಿ ಹೋಗಿದ್ದೆನು. ಕೃತಜ್ಞತೆಗೆ ಏನು ಉತ್ತರ ಕೊಡಬೇಕೆಂಬುದು ನನಗೆ ತಿಳಿಯಲಿಲ್ಲ. ಕಾಫಿಯ ಲೋಟವನ್ನು ಕೆಳಗಿಟ್ಟು ಬಸ್ಸಿನ ಹೊತ್ತನ್ನು ವಿಚಾರಿಸಿದೆನು.

ಅಂಗಡಿಯ ಹಿಂದೆಯೇ ಅವರ ಮನೆ. ಅಂದು ಶನಿವಾರ, ಬೆಳಗಿನ ಶಾಲೆ ಮುಗಿಸಿಕೊಂಡು ಬಂದ ಅವನ ಮಗಳು ಒಳಗೆ ಏನನ್ನೋ ಗಟ್ಟಿಮಾಡತೊಡಗಿದಳು. ಮೊದಲು ಲಯ ಕೇಳಿಸಿತು, ಆಮೇಲೆ ಮಾತು. ರಾಮ ಶಬ್ದ. ಅದೇ ಮಟ್ಟು! ಅವನ ಮುಖ ರೈಲಿನಲ್ಲಿ ಕಂಡ ಹಿರಿಯರ ಮುಖದ ಹಾಗೆ ಕೆಂಪಾಯಿತು. ಒಳಗಿನ ಬಾಗಿಲ ಕಡೆಗೆ ಬಗ್ಗಿ, "ಏ, ಸುಮ್ಮನಿರೇ, ಮೇಷ್ಟ್ರು ಬಂದಿದ್ದಾರೆ!" ಎಂದು ಗದರಿಸಿದನು. ಬಳಿಕ ನನ್ನ ಕಡೆಗೆ ತಿರುಗಿ, "ಅವಳಿಗೆ ಎಷ್ಟು ಹೇಳಿದರೂ ತಲೆಗೆ ಹತ್ತುತ್ತಿರಲಿಲ್ಲ ಸಾರ್. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ಸಲ ಹೀಗೆ ಹೇಳಿಕೊಟ್ಟೆ, ಅಷ್ಟೇ..." ಎಂದು ತೊದಲಿದನು.

"ಅವಳನ್ನು ಇಲ್ಲಿಗೆ ಕರೆ" ಎಂದೆನು.

ಹುಡುಗಿ ಬಂದು ಬೇಳೆಯ ಮೂಟೆಯ ಪಕ್ಕದಲ್ಲಿ ನಿಂತಳು. ಒಪ್ಪಿಸಮ್ಮಾ ಎಂದರೆ ತಂದೆಯ ಮುಖವನ್ನೇ ನೋಡುವಳು. ಕೊನೆಗೆ ಸಣ್ಣ ಧ್ವನಿಯಲ್ಲಿ ಆರಂಭಿಸಿದಳು. ಪ್ರಥಮಾ, ದ್ವಿತೀಯಾ ಸರಿಯಾಗಿ ಬಂದುವು. ಚತುರ್ಥಿಯ ದ್ವಿವಚನ ಬಹುವಚನಗಳಲ್ಲಿ ಮಟ್ಟು ಗಿಡ್ಡವಾಗಿ, ಶಬ್ದ ಉದ್ದವಾಗಿ, ಅವಳು ಮುಗ್ಗರಿಸಿದಳು. ಅವನಿಗೂ ಅಲ್ಲಿ ಸ್ವಲ್ಪ ಮರೆತಿದ್ದಿತೆಂದು ತೋರುತ್ತದೆ. ನಾನು ಬಾಯಲ್ಲಿ ಹೇಳಿ ನೋಡಿದೆನು; ಅವಳಿಗೆ ಹಿಡಿತಕ್ಕೆ ಬರಲಿಲ್ಲ. ಆ ಜಾಗದಲ್ಲಿ ಒಂದು ಅಕ್ಷರವನ್ನು ಎಳೆದು, ಮುಂದಿನದನ್ನು ಒತ್ತಿ ಹಿಡಿಯ ಬೇಕು. ಅದನ್ನು ಹಾಡದೆ ತೋರಿಸುವುದಕ್ಕೆ ಆಗುವುದಿಲ್ಲ. ಎಣ್ಣೆಗೆ ಬಂದಿದ್ದ ಇಬ್ಬರು ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದರು. ನಾನು ಕೋಲನ್ನು ಗೋಡೆಗೆ ಒರಗಿಸಿ ಹಾಡಿ ತೋರಿಸಿದೆನು. ಎರಡನೆಯ ಸಲಕ್ಕೆ ಹುಡುಗಿ ಸೇರಿಕೊಂಡಳು. ಪಂಚಮಿಗೆ ಬರುವ ಹೊತ್ತಿಗೆ, ಸಕ್ಕರೆಯ ಪೊಟ್ಟಣವನ್ನು ಕಟ್ಟುತ್ತ ತಲೆ ಬಗ್ಗಿಸಿದ್ದ ಅವಳ ತಂದೆಯ ಕಂಠವೂ ಎಲ್ಲಿಂದಲೋ ಬಂದು ಕೂಡಿತು.

ನಾನು ಹಿಡಿಯಬೇಕಾಗಿದ್ದ ಬಸ್ಸು ಅಂಗಡಿಯ ಮುಂದೆಯೇ ಹಾದುಹೋಯಿತು. ಮುಂದಿನದಕ್ಕೆ ಇನ್ನೂ ಒಂದು ಗಂಟೆಯ ಅವಕಾಶವಿದ್ದಿತು. ಹುಡುಗಿಗೆ ಹರಿ ಶಬ್ದವೂ ಬರುತ್ತಿರಲಿಲ್ಲ.